ಪಕ್ಕದ ಮನೆಯ ಪಿಸ್ತೂಲು, ಪತ್ರಿಕೆಯ ಪಟ್ಟಿ

2012ರ ಡಿಸೆಂಬರ್, ಕ್ರಿಸ್‌ಮಸ್‌ನ ಹೊಸ್ತಿಲು. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಮತ್ತು ರಾಕ್‌ಲ್ಯಾಂಡ್ ಕೌಂಟಿಗಳ (ನಮ್ಮ ಜಿಲ್ಲೆಗಳಿದ್ದ ಹಾಗೆ) ಸ್ಥಳೀಯ ಪತ್ರಿಕೆ 'ದಿ ಜರ್ನಲ್ ನ್ಯೂಸ್' ತನ್ನ ಜಾಲತಾಣದಲ್ಲಿ ಒಂದು ನಕ್ಷೆ ಹಾಕಿತು. ನಕ್ಷೆಯ ತುಂಬ ಚುಕ್ಕಿಗಳು. ಚುಕ್ಕಿಯ ಮೇಲೆ ಒತ್ತಿದರೆ ಒಬ್ಬರ ಹೆಸರು, ಬೀದಿ, ಮನೆ ನಂಬರು. ಆ ಮನೆಯಲ್ಲಿರುವವರ ಹತ್ತಿರ ಪಿಸ್ತೂಲಿನ ಪರ್ಮಿಟ್ ಇದೆ ಎಂದು ಅರ್ಥ. ಇಂಥ ಚುಕ್ಕಿಗಳು ಮೂವತ್ತು ಸಾವಿರಕ್ಕೂ ಹೆಚ್ಚಿದ್ದವು.

ಪತ್ರಿಕೆ ಇದನ್ನು ಎಲ್ಲಿಂದಲೋ ಕದ್ದು ತಂದಿರಲಿಲ್ಲ. ಪಿಸ್ತೂಲಿನ ಲೈಸೆನ್ಸ್ ಪಡೆದವರ ಹೆಸರು ಮತ್ತು ವಿಳಾಸ ಸಾರ್ವಜನಿಕ ದಾಖಲೆ ಎಂದು ನ್ಯೂಯಾರ್ಕ್ ರಾಜ್ಯದ ದಂಡ ಸಂಹಿತೆಯ 400ನೇ ಕಲಮಿನಲ್ಲೇ ಬರೆದಿತ್ತು. ನಮ್ಮಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಾರಲ್ಲ, ಹಾಗೆ ಅಲ್ಲಿನ ಕಾನೂನಿನಡಿ ಅರ್ಜಿ ಹಾಕಿದರು, ಎರಡು ಕೌಂಟಿಯ ಕಚೇರಿಗಳು ಪಟ್ಟಿ ಕೊಟ್ಟವು, ಪತ್ರಿಕೆಯವರು ಅದನ್ನು ನಕ್ಷೆಗೆ ಇಳಿಸಿದರು. ಮೂರನೆಯ ಕೌಂಟಿ, ಪಟ್ನಮ್, ಕೊಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿತು.

ಸಂದರ್ಭ ನೆನಪಿಸಿಕೊಳ್ಳಬೇಕು. ಡಿಸೆಂಬರ್ 14ರಂದು ನೆರೆಯ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ, ಸ್ಯಾಂಡಿ ಹುಕ್ ಶಾಲೆಗೆ ನುಗ್ಗಿದ ಒಬ್ಬ ಯುವಕ 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಗುಂಡಿಕ್ಕಿ ಕೊಂದಿದ್ದ. ಬಂದೂಕುಗಳೆಲ್ಲ ಅವನ ತಾಯಿ ಕಾನೂನುಬದ್ಧವಾಗಿ ಕೊಂಡಿದ್ದವು. ನಮ್ಮ ಮಗು ಆಟಕ್ಕೆ ಹೋಗುವ ಪಕ್ಕದ ಮನೆಯಲ್ಲಿ ಏನಿದೆಯೋ ಎಂಬ ಅಳುಕು ಆ ಭಾಗದ ತಂದೆತಾಯಂದಿರನ್ನೆಲ್ಲ ಹಿಡಿದಿತ್ತು. ಆ ಅಳುಕಿಗೆ ಪತ್ರಿಕೆ ಕೊಟ್ಟ ಉತ್ತರ ಈ ಚುಕ್ಕಿಗಳು.

ಪರ್ಮಿಟ್ ಇದ್ದವರು ಸಿಡಿದೆದ್ದರು. ಪತ್ರಿಕೆಗೆ ಕರೆ, ಪತ್ರ, ಬೈಗುಳ, ಬೆದರಿಕೆ. ಸಿಟ್ಟಾದವರು ಸಂಪಾದಕರ, ವರದಿಗಾರರ ಮನೆ ವಿಳಾಸ, ಫೋನ್ ನಂಬರುಗಳನ್ನು ಹುಡುಕಿ ತೆಗೆದು ತಾವೂ ಒಂದು ನಕ್ಷೆ ಮಾಡಿ ಹಾಕಿದರು. ನಮ್ಮ ವಿಳಾಸ ಸಾರ್ವಜನಿಕವಾದರೆ ನಿಮ್ಮದೂ ಆಗಲಿ ಎಂಬ ಲೆಕ್ಕ. ಕೊನೆಗೆ ಪತ್ರಿಕೆ ತನ್ನ ಕಚೇರಿಯ ಬಾಗಿಲಿಗೆ ಬಂದೂಕು ಹಿಡಿದ ಕಾವಲುಗಾರರನ್ನು ನಿಲ್ಲಿಸಿಕೊಳ್ಳಬೇಕಾಯಿತು. ಬಂದೂಕಿನವರು ಇದನ್ನು ಇಂದಿಗೂ ಹೇಳಿಕೊಂಡು ನಗುತ್ತಾರೆ. ನಗಲು ಕಾರಣವಿದೆ ಎಂದು ನನಗೂ ಅನಿಸುತ್ತದೆ. ಅವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ಸಂಗತಿ: ಆ ವರದಿ ಬರೆದವರ ಹತ್ತಿರವೂ ಪರ್ಮಿಟ್ ಇದ್ದ ರಿವಾಲ್ವರ್ ಇತ್ತು, ವರದಿಯಲ್ಲೇ ಅದನ್ನು ಹೇಳಿಕೊಂಡಿದ್ದರು.

ಈ ಜಗಳ ಅಲ್ಲಿಗೆ ಮುಗಿದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಮುಂದಿನ ಕೆಲವೇ ತಿಂಗಳಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದರ ಹಿಂದೊಂದರಂತೆ ಕಾನೂನು ಬದಲಾಯಿತು. ಆ ಬದಲಾವಣೆಯಲ್ಲಿ ಯಾರು ಏನು ಗಳಿಸಿದರು, ಏನು ಕಳೆದುಕೊಂಡರು ಎಂದು ತಿಳಿಯಬೇಕಾದರೆ ಮೊದಲು ಈ ಪರ್ಮಿಟ್ ಎನ್ನುವುದು ಏನು ಎಂದು ಬಿಡಿಸಿಕೊಳ್ಳಬೇಕು.

ಪರ್ಮಿಟ್‌ನ ಒಳಗೇನಿದೆ

ನಮ್ಮ ದೇಶದಲ್ಲಿ ಲೆಕ್ಕ ಸರಳ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ಮನೆಯಲ್ಲಿಟ್ಟುಕೊಳ್ಳಲೂ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಮಾತ್ರ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರ್ಕಾರ 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ.

ಅಮೆರಿಕದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಬಂದೂಕು ಇಟ್ಟುಕೊಳ್ಳುವುದು ಒಂದು. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೆ ಬರುವುದು ಇನ್ನೊಂದು. ಬಹುಪಾಲು ರಾಜ್ಯಗಳಲ್ಲಿ ಮೊದಲನೆಯದಕ್ಕೆ ಪರ್ಮಿಟ್ ಬೇಕಿಲ್ಲ. ಅಂಗಡಿಯಲ್ಲಿ ಹಿನ್ನೆಲೆ ತಪಾಸಣೆ ಮುಗಿದರೆ ಮನೆಗೆ ಒಯ್ಯಬಹುದು. ಪರ್ಮಿಟ್‌ನ ಮಾತು ಬರುವುದು ಎರಡನೆಯದಕ್ಕೆ. ಟೆನ್ನೆಸಿ ರಾಜ್ಯ ಅದಕ್ಕಿಟ್ಟಿದ್ದ ಹೆಸರೇ 'ಹ್ಯಾಂಡ್‌ಗನ್ ಕ್ಯಾರಿ ಪರ್ಮಿಟ್', ಪಿಸ್ತೂಲು ಜೊತೆಗೊಯ್ಯುವ ಪರವಾನಗಿ. 21 ವರ್ಷ ತುಂಬಿರಬೇಕು, ತರಗತಿಗೆ ಹೋಗಿ ಬರವಣಿಗೆಯ ಪರೀಕ್ಷೆಯಲ್ಲೂ ಗುರಿ ಹೊಡೆಯುವ ಪರೀಕ್ಷೆಯಲ್ಲೂ ಪಾಸಾಗಬೇಕು, ಬೆರಳಚ್ಚು ಕೊಡಬೇಕು, ಪೊಲೀಸ್ ದಾಖಲೆ ಸ್ವಚ್ಛವಿರಬೇಕು. ಇಷ್ಟಾದರೆ ಡ್ರೈವಿಂಗ್ ಲೈಸೆನ್ಸಿನಂಥ ಒಂದು ಕಾರ್ಡು ಕೈಗೆ ಬರುತ್ತಿತ್ತು.

ಕಾರ್ಡು ಕೊಡುವ ಅಧಿಕಾರಿಯ ಕೈ ಎಷ್ಟು ಉದ್ದ ಎಂಬುದರ ಮೇಲೆ ರಾಜ್ಯಗಳು ಬೇರೆಬೇರೆಯಾಗುತ್ತವೆ. ನ್ಯೂಯಾರ್ಕ್‌ನಲ್ಲಿ 1911ರ ಸಲಿವನ್ ಕಾಯ್ದೆಯ ಕಾಲದಿಂದ ಪಿಸ್ತೂಲನ್ನು ಮನೆಯಲ್ಲಿಡಲೂ ಲೈಸೆನ್ಸ್ ಬೇಕು. ಜೊತೆಗೊಯ್ಯಬೇಕೆಂದರೆ 'ಸಕಾರಣ' ತೋರಿಸಬೇಕಿತ್ತು, ಆ ಕಾರಣ ಸಾಕೋ ಸಾಲದೋ ಎನ್ನುವುದು ಅಧಿಕಾರಿಯ ಮರ್ಜಿ. ಫ್ಲಾರಿಡಾ 1987ರಲ್ಲಿ ಬೇರೆ ದಾರಿ ಹಿಡಿಯಿತು. ಅರ್ಹತೆ ಇದ್ದವರಿಗೆ ಕೊಡಲೇಬೇಕು, ಯಾಕೆ ಬೇಕು ಎಂದು ಕೇಳುವಂತಿಲ್ಲ. ಇನ್ನೂ ಹಲವು ರಾಜ್ಯಗಳು ಒಂದೊಂದಾಗಿ ಫ್ಲಾರಿಡಾದ ಹಿಂದೆ ನಡೆದವು. ಇನ್ನು ವರ್ಮಾಂಟ್‌ನಂಥ ರಾಜ್ಯದಲ್ಲಿ ಪರ್ಮಿಟ್ ಎನ್ನುವುದೇ ಎಂದೂ ಇರಲಿಲ್ಲ.

ನಡುವೆ ನಮ್ಮವರ ಬಗ್ಗೆ ಒಂದು ಮಾತು. ಎಚ್-1ಬಿ ವೀಸಾದಲ್ಲಿ ಅಲ್ಲಿರುವ ಕನ್ನಡಿಗರು ಈ ಚರ್ಚೆಯನ್ನು ಹೊರಗಿನಿಂದಲೇ ನೋಡಬೇಕು. ತಾತ್ಕಾಲಿಕ ವೀಸಾದವರು ಬಂದೂಕು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್‌ನಂಥ ಕೆಲವೇ ಕಿಂಡಿಗಳಿವೆ. ಗ್ರೀನ್ ಕಾರ್ಡ್ ಬಂದಮೇಲೆ ಮಾತು ಬೇರೆ.

ಈಗ ನಕ್ಷೆಗೆ ಮರಳೋಣ. ನ್ಯೂಯಾರ್ಕ್ ನಗರದ ಹೊರಗೆ ರೈಫಲ್, ಶಾಟ್‌ಗನ್‌ಗಳಂಥ ಉದ್ದ ಕೋವಿಗೆ ಈ ಪರ್ಮಿಟ್ ಬೇಕಿರಲಿಲ್ಲ. ಸ್ಯಾಂಡಿ ಹುಕ್ ಶಾಲೆಯಲ್ಲಿ ಮಕ್ಕಳನ್ನು ಕೊಂದದ್ದು ರೈಫಲ್. ಅಂದರೆ ಆ ಊರಿನ ಭಯಕ್ಕೆ ಕಾರಣವಾದ ಬಂದೂಕು ಇವರ ನಕ್ಷೆಯಲ್ಲಿ ಕಾಣುವುದು ಸಾಧ್ಯವೇ ಇರಲಿಲ್ಲ. ಇನ್ನು ಪರ್ಮಿಟ್ ಇದ್ದ ಮಾತ್ರಕ್ಕೆ ಪಿಸ್ತೂಲು ಇರಬೇಕೆಂದಿಲ್ಲ. ಮಾರಿದವರಿದ್ದರು, ಮನೆ ಬಿಟ್ಟು ಹೋದವರಿದ್ದರು. ಚುಕ್ಕಿ ಇಲ್ಲದ ಮನೆಯಲ್ಲಿ ಐದು ರೈಫಲ್ ಇರಬಹುದು, ಚುಕ್ಕಿ ಇದ್ದ ಮನೆಯಲ್ಲಿ ನಿವೃತ್ತ ಪೊಲೀಸನ ಹಳೆಯ ರಿವಾಲ್ವರ್ ಬೀಗದೊಳಗೆ ಮಲಗಿರಬಹುದು. ತಂದೆತಾಯಿಗೆ ಬೇಕಿದ್ದ ಉತ್ತರ ಆ ನಕ್ಷೆಯಲ್ಲಿ ಇರಲೇ ಇಲ್ಲ.

ಸಿಟ್ಟಿನೊಳಗಿನ ವಾದಗಳು

ಬಂದೂಕಿನವರು ಮಾಧ್ಯಮದ ಮೇಲೆ ಕೋಪಿಸಿಕೊಂಡಾಗ ಹೊರಗಿನವರಿಗೆ ಅದೊಂದೇ ಗದ್ದಲವಾಗಿ ಕೇಳಿಸುತ್ತದೆ. ಕಿವಿಗೊಟ್ಟರೆ ಅದರಲ್ಲಿ ಬೇರೆಬೇರೆ ತೂಕದ ಮಾತುಗಳಿವೆ.

ಎಲ್ಲಕ್ಕಿಂತ ಗಟ್ಟಿಯಾದದ್ದು ವಿಳಾಸದ ಮಾತು. ಪರ್ಮಿಟ್ ಮಾಡಿಸಿಕೊಂಡವರಲ್ಲಿ ಒಂದು ವರ್ಗ ಭಯದಿಂದಲೇ ಮಾಡಿಸಿಕೊಂಡವರದು. ಹೊಡೆಯುವ ಗಂಡನನ್ನು ಬಿಟ್ಟು ಬೇರೆ ಊರಿಗೆ ಬಂದ ಹೆಣ್ಣುಮಗಳು, ಸಾಕ್ಷಿ ಹೇಳಿದವರು, ನ್ಯಾಯಾಧೀಶರು, ಜೈಲಿನ ಸಿಬ್ಬಂದಿ. ಇಂಥವರ ಮನೆ ನಂಬರು ನಕ್ಷೆಯಲ್ಲಿ ಬಂದರೆ ಅವರು ಯಾರಿಂದ ಅಡಗಿದ್ದಾರೋ ಅವರ ಕೈಗೇ ದಾರಿ ಕೊಟ್ಟ ಹಾಗೆ. ಜೈಲಿನ ಕೈದಿಗಳು ಕಾವಲು ಸಿಬ್ಬಂದಿಗೆ 'ನಿಮ್ಮ ಮನೆ ಎಲ್ಲಿ ಅಂತ ಗೊತ್ತು' ಎಂದು ಅಣಕಿಸುತ್ತಿದ್ದಾರೆ ಎಂದು ರಾಕ್‌ಲ್ಯಾಂಡ್ ಕೌಂಟಿಯ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಆಗ ಹೇಳಿದ್ದರು. ಇದಕ್ಕೆ ಪತ್ರಿಕೆಯ ಬಳಿ ಒಪ್ಪುವಂಥ ಉತ್ತರ ಇರಲಿಲ್ಲ. ಕಾನೂನು ಬಿಡುತ್ತದೆ ಎಂಬುದು ಉತ್ತರವಲ್ಲ. ಕಾನೂನು ಬಿಡುವ ಎಷ್ಟೋ ಸಂಗತಿಗಳನ್ನು ಸಂಪಾದಕರು ದಿನವೂ ಅಚ್ಚಿಗೆ ಹೋಗದಂತೆ ತಡೆಯುತ್ತಾರೆ.

ಕಳ್ಳರಿಗೆ ದಾರಿದೀಪವಾಯಿತು ಎಂಬ ಮಾತು ಅಷ್ಟು ಗಟ್ಟಿಯಲ್ಲ. 2013ರ ಜನವರಿಯಲ್ಲಿ ನಕ್ಷೆಯಲ್ಲಿದ್ದ ವೈಟ್ ಪ್ಲೇನ್ಸ್‌ನ ಮನೆಯೊಂದಕ್ಕೆ ಕಳ್ಳರು ನುಗ್ಗಿ ಬಂದೂಕಿನ ಪೆಟ್ಟಿಗೆ ಒಡೆಯಲು ನೋಡಿದ್ದು ನಿಜ. ಅವರು ನಕ್ಷೆ ನೋಡಿಯೇ ಬಂದರು ಎಂದು ಸಾಬೀತಾಗಲಿಲ್ಲ. ತಮಾಷೆಯೆಂದರೆ ಒಂದೇ ಉಸಿರಿನಲ್ಲಿ ಎರಡು ವಾದಗಳು ಬರುತ್ತಿದ್ದವು: ನಕ್ಷೆ ನೋಡಿ ಕಳ್ಳ ಬಂದೂಕು ಕದಿಯಲು ನಮ್ಮ ಮನೆಗೆ ಬರುತ್ತಾನೆ, ನಕ್ಷೆ ನೋಡಿ ಕಳ್ಳ ಬಂದೂಕಿಲ್ಲದ ನೆರೆಮನೆಗೆ ಹೋಗುತ್ತಾನೆ. ಎರಡೂ ಒಬ್ಬನೇ ಕಳ್ಳನ ಬಗ್ಗೆ ಹೇಳಲಾಗದು.

ಮೂರನೆಯದು ಮರ್ಯಾದೆಯ ಪ್ರಶ್ನೆ, ಇದರ ಉರಿ ಹೆಚ್ಚು. ನ್ಯೂಯಾರ್ಕ್‌ಗಿಂತ ಐದು ವರ್ಷ ಮೊದಲು, 2007ರ ಮಾರ್ಚ್‌ನಲ್ಲಿ, ವರ್ಜೀನಿಯಾದ 'ರೊನೋಕ್ ಟೈಮ್ಸ್' ಇಡೀ ರಾಜ್ಯದ ಪರ್ಮಿಟ್‌ದಾರರ ಪಟ್ಟಿಯನ್ನು ಹುಡುಕಿ ನೋಡುವಂತೆ ಜಾಲತಾಣದಲ್ಲಿ ಹಾಕಿತ್ತು. ಒಂದು ಲಕ್ಷಕ್ಕೂ ಹೆಚ್ಚು ಹೆಸರು. ಸರ್ಕಾರಿ ಕಡತಗಳು ಜನರಿಗೆ ತೆರೆದಿರಬೇಕು ಎಂದು ಅಲ್ಲಿನ ಪತ್ರಿಕೆಗಳು ವರ್ಷಕ್ಕೊಮ್ಮೆ ಆಚರಿಸುವ 'ಸನ್‌ಶೈನ್ ವೀಕ್' ಅದರ ನೆಪ. ಜೊತೆಗಿದ್ದ ಅಂಕಣದಲ್ಲಿ, ಲೈಂಗಿಕ ಅಪರಾಧಿಗಳ ವಿವರವನ್ನು ನಕ್ಷೆಯ ಸಮೇತ ಹಾಕುವ ರಾಜ್ಯಕ್ಕೆ ಬಂದೂಕು ಪರ್ಮಿಟ್‌ಗಳನ್ನೂ ಹಾಗೆ ಹಾಕುವುದು ಕಷ್ಟವಲ್ಲ ಎಂಬ ಅರ್ಥದ ಮಾತು ಬಂತು. ಆ ಒಂದು ಹೋಲಿಕೆಗೆ ಇಡೀ ರಾಜ್ಯದ ಬಂದೂಕಿನವರು ಹೊತ್ತಿ ಉರಿದರು. ಬೆರಳಚ್ಚು ಕೊಟ್ಟು, ತಪಾಸಣೆ ಮಾಡಿಸಿಕೊಂಡು, ತಾನು ಅಪರಾಧಿಯಲ್ಲ ಎಂದು ಸರ್ಕಾರದಿಂದಲೇ ಬರೆಸಿಕೊಂಡವನನ್ನು ಯಾವ ಸಾಲಿನಲ್ಲಿ ನಿಲ್ಲಿಸಿದಿರಿ ಎಂಬುದು ಅವರ ಪ್ರಶ್ನೆ. ಪಟ್ಟಿಯಲ್ಲಿ ಬರಬಾರದವರ ಹೆಸರೂ ಬಂದಿರಬಹುದು ಎಂದು ಪತ್ರಿಕೆ ಒಂದೆರಡು ದಿನದಲ್ಲೇ ಅದನ್ನು ತೆಗೆದುಹಾಕಿತು. ಒಂದು ತಿಂಗಳು ಕಳೆದಿತ್ತಷ್ಟೆ, ಏಪ್ರಿಲ್ 16ರಂದು ಅಲ್ಲಿಂದ ದೂರವಿಲ್ಲದ ಬ್ಲ್ಯಾಕ್ಸ್‌ಬರ್ಗ್‌ನ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 32 ಮಂದಿ ಗುಂಡಿಗೆ ಬಲಿಯಾದರು. ನಂತರ ಅಲ್ಲಿ ಪರ್ಮಿಟ್‌ನ ಚರ್ಚೆ ಬೇರೆಯೇ ದಿಕ್ಕಿಗೆ ತಿರುಗಿತು: ವಿದ್ಯಾರ್ಥಿಗಳಿಗೂ ಕ್ಯಾಂಪಸ್ಸಿಗೆ ಪಿಸ್ತೂಲು ತರಲು ಬಿಡಬೇಕು ಎಂದು ಒಂದು ಗುಂಪು, ಕೊಳ್ಳುವಾಗಿನ ತಪಾಸಣೆ ಬಿಗಿಯಾಗಬೇಕು ಎಂದು ಇನ್ನೊಂದು ಗುಂಪು.

ನಾಲ್ಕನೆಯ ದೂರು, ಸುದ್ದಿಯ ಆಯ್ಕೆಯದು. ಪರ್ಮಿಟ್ ಇದ್ದವನು ಗುಂಡು ಹಾರಿಸಿ ಯಾರನ್ನಾದರೂ ಕೊಂದರೆ ಅದು ಸುದ್ದಿ. ಸೊಂಟದ ಪಿಸ್ತೂಲು ತೋರಿಸಿದ ಮಾತ್ರಕ್ಕೆ ದರೋಡೆಕೋರ ಓಡಿಹೋದರೆ ಅದು ಸುದ್ದಿಯಲ್ಲ, ಪೊಲೀಸ್ ಠಾಣೆಯ ತನಕವೂ ಹೋಗುವುದಿಲ್ಲ. ಮಾತು ಸರಿ. ಆದರೆ ಹಾಗೆ ಓಡಿಹೋದ ದರೋಡೆಕೋರರು ಎಷ್ಟು ಎಂದರೆ ಅಂದಾಜುಗಳ ನಡುವೆ ಆನೆ ಆಡಿನ ಅಂತರ. ಸರ್ಕಾರದ ಅಪರಾಧ ಸಮೀಕ್ಷೆಯಿಂದ ಲೆಕ್ಕ ಹಾಕಿದರೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ಅಪರಾಧಶಾಸ್ತ್ರಜ್ಞ ಗ್ಯಾರಿ ಕ್ಲೆಕ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಫೋನ್ ಸಮೀಕ್ಷೆಯಿಂದ ತೆಗೆದ ಅಂಕಿ 25 ಲಕ್ಷ. ಬಂದೂಕಿನವರು ಎರಡನೆಯದನ್ನೇ ಹೇಳುತ್ತಾರೆ, ಎದುರಿನವರು ಮೊದಲನೆಯದನ್ನೇ. ಪರ್ಮಿಟ್ ಸುಲಭ ಮಾಡಿದರೆ ಅಪರಾಧ ಇಳಿಯುತ್ತದೋ ಏರುತ್ತದೋ ಎಂದು 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿ, ಎರಡನ್ನೂ ಹೇಳಲು ಆಧಾರ ಸಾಲದು ಎಂದಿತು.

ಇನ್ನು ಪ್ರತಿ ಗುಂಡಿಗೂ ಟ್ರಿಗರ್ ಎಳೆಯಬೇಕಾದ 'ಸೆಮಿ-ಆಟೊಮ್ಯಾಟಿಕ್' ಬಂದೂಕನ್ನು, ಟ್ರಿಗರ್ ಹಿಡಿದಷ್ಟು ಹೊತ್ತೂ ಗುಂಡು ಹಾರುವ 'ಆಟೊಮ್ಯಾಟಿಕ್' ಎಂದು ಬರೆದರು, ಗುಂಡು ತುಂಬುವ ಮ್ಯಾಗಜೀನನ್ನು ಕ್ಲಿಪ್ ಎಂದರು ಎಂಬ ತಕರಾರುಗಳು. ಕುದುರೆ ಲಾಳಕ್ಕೂ ಜೀನಿಗೂ ವ್ಯತ್ಯಾಸ ಗೊತ್ತಿಲ್ಲದವನು ಜಾತ್ರೆಯ ಕುದುರೆ ವ್ಯಾಪಾರದ ವರದಿ ಮಾಡಿದರೆ ವ್ಯಾಪಾರಿ ನಗುತ್ತಾನೆ, ಅಷ್ಟೆ. ಆದರೆ ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು ಹಾರುವ ಪಿಸ್ತೂಲನ್ನು ಮೆಷಿನ್ ಗನ್ನಿನಂತೆ ಬಣ್ಣಿಸಿದಾಗ ವರದಿಯ ಉಳಿದ ಭಾಗವನ್ನೂ ಅವರು ನಂಬುವುದಿಲ್ಲ. ಪತ್ರಿಕೆಗಳು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡದ್ದು ಇಲ್ಲಿ.

ಅದೇ ಪಟ್ಟಿ, ಬೇರೆ ಕೆಲಸ

ಟೆನ್ನೆಸಿಯ ಮೆಂಫಿಸ್‌ನಲ್ಲಿ 'ಕಮರ್ಷಿಯಲ್ ಅಪೀಲ್' ಪತ್ರಿಕೆ 2008ರ ಕೊನೆಯಲ್ಲಿ ರಾಜ್ಯದ ಪರ್ಮಿಟ್‌ದಾರರ ಪಟ್ಟಿಯನ್ನು ಹುಡುಕಿ ನೋಡುವಂತೆ ಹಾಕಿತು. ಎರಡು ಲಕ್ಷಕ್ಕೂ ಹೆಚ್ಚು ಹೆಸರು, ಆದರೆ ಮನೆ ನಂಬರು, ಬೀದಿ ಇರಲಿಲ್ಲ. ಊರು, ಪಿನ್ ಕೋಡ್ ಇಷ್ಟೇ. ಮೊದಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 2009ರ ಫೆಬ್ರವರಿಯಲ್ಲಿ ಊರಿನ ಹೊರವಲಯದ ಒಂದು ಅಂಗಡಿ ಸಮುಚ್ಚಯದ ಪಾರ್ಕಿಂಗ್ ಜಾಗದಲ್ಲಿ, ಕಾರು ನಿಲ್ಲಿಸುವ ವಿಷಯಕ್ಕೆ ಮಾತಿಗೆ ಮಾತು ಬೆಳೆದು ಒಬ್ಬ ಇನ್ನೊಬ್ಬನನ್ನು ಗುಂಡಿಟ್ಟು ಕೊಂದ. ಆರೋಪಿಯ ಹೆಸರು ಹೊರಬಿದ್ದ ತಕ್ಷಣ ಓದುಗರು ಪತ್ರಿಕೆಯ ಪಟ್ಟಿಯಲ್ಲಿ ಹುಡುಕಿದರು. ಅವನಿಗೆ ಪರ್ಮಿಟ್ ಇತ್ತು. ಆಗ ಎದ್ದಿತು ಗಲಾಟೆ. ಬಂದೂಕಿನವರ ದೊಡ್ಡ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ತನ್ನ ಸದಸ್ಯರಿಗೆ ಕರೆ ಕೊಟ್ಟಿತು, ಪತ್ರಿಕೆಗೆ ಇಮೇಲ್‌ಗಳ ಮಳೆ ಸುರಿಯಿತು. ಸಂಪಾದಕರು ಜಗ್ಗಲಿಲ್ಲ, ಪಟ್ಟಿ ತೆಗೆಯಲಿಲ್ಲ. ಬದಲಿಗೆ ವರದಿಗಾರರು ಆ ಪಟ್ಟಿಯನ್ನು ನ್ಯಾಯಾಲಯದ ಕಡತಗಳ ಜೊತೆ ಹೋಲಿಸಿ, ಹಿಂಸೆಯ ಪ್ರಕರಣಗಳಿದ್ದವರ ಕೈಯಲ್ಲೂ ಪರ್ಮಿಟ್ ಇರುವುದನ್ನು ಬರೆದರು.

ಈ ಹೋಲಿಸುವ ಕೆಲಸವೇ ನನ್ನ ಕಣ್ಣಿಗೆ ಇಡೀ ಜಗಳದಲ್ಲಿ ಮುಖ್ಯವಾದದ್ದು. ಇದನ್ನು ಇನ್ನೂ ದೊಡ್ಡದಾಗಿ ಮಾಡಿದ್ದು 'ನ್ಯೂಯಾರ್ಕ್ ಟೈಮ್ಸ್'. 2011ರ ಡಿಸೆಂಬರ್‌ನಲ್ಲಿ ಅದು ನಾರ್ತ್ ಕ್ಯಾರೊಲೈನಾ ರಾಜ್ಯದ ಪರ್ಮಿಟ್ ಪಟ್ಟಿಯನ್ನು ಐದು ವರ್ಷಗಳ ಶಿಕ್ಷೆಯ ದಾಖಲೆಗಳ ಪಕ್ಕದಲ್ಲಿಟ್ಟು ನೋಡಿತು. ಪರ್ಮಿಟ್ ಇದ್ದವರು ಸುಮಾರು 2,40,000. ಅವರಲ್ಲಿ ಟ್ರಾಫಿಕ್ ಕೇಸು ಬಿಟ್ಟು ಬೇರೆ ಅಪರಾಧಕ್ಕೆ ಶಿಕ್ಷೆಯಾದವರು 2,400ಕ್ಕೂ ಹೆಚ್ಚು. ಗಂಭೀರ ಅಪರಾಧಕ್ಕೆ ಶಿಕ್ಷೆಯಾದವರು 200ಕ್ಕೂ ಮೇಲೆ, ಅವರಲ್ಲಿ ಕನಿಷ್ಠ 10 ಮಂದಿ ಕೊಲೆ ಇಲ್ಲವೆ ನರಹತ್ಯೆ ಮಾಡಿದವರು. ಗಂಭೀರ ಅಪರಾಧದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಅಧಿಕಾರಿಗಳು ಪರ್ಮಿಟ್ ಕಿತ್ತುಕೊಂಡೇ ಇರಲಿಲ್ಲ.

ಬಂದೂಕಿನವರ ಪ್ರತಿಕ್ರಿಯೆ ತಡವಾಗಲಿಲ್ಲ. 2,40,000ದಲ್ಲಿ 2,400 ಎಂದರೆ ನೂರಕ್ಕೆ ಒಂದು, ಅದೂ ಐದು ವರ್ಷದಲ್ಲಿ. ನಮ್ಮಷ್ಟು ಸಾಧು ಜನ ಇನ್ನೆಲ್ಲಿ ಸಿಗುತ್ತಾರೆ ಎಂದರು. ಲೆಕ್ಕ ತಪ್ಪಲ್ಲ. ಆದರೆ ಪತ್ರಿಕೆ ಕೇಳಿದ ಪ್ರಶ್ನೆಯೇ ಬೇರೆ. ಪರ್ಮಿಟ್‌ದಾರರು ಒಳ್ಳೆಯವರೋ ಕೆಟ್ಟವರೋ ಎಂಬುದಕ್ಕಿಂತ, ಕೆಟ್ಟವನೆಂದು ಕೋರ್ಟೇ ಹೇಳಿದ ಮೇಲೂ ಕಾರ್ಡನ್ನು ಯಾಕೆ ವಾಪಸ್ ತೆಗೆದುಕೊಂಡಿಲ್ಲ ಎಂದು ಅದು ಪರ್ಮಿಟ್ ಕೊಡುವ ಶೆರಿಫ್ ಕಚೇರಿಯನ್ನು ಕೇಳುತ್ತಿತ್ತು. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಎಲ್ಲರಿಗಿಂತ ಹೆಚ್ಚು ಅನುಕೂಲವಾಗುವುದು ಕಾರ್ಡಿನ ಮಾನ ಕಾಯಬೇಕಾದ ಉಳಿದ ನೂರಕ್ಕೆ ತೊಂಬತ್ತೊಂಬತ್ತು ಜನರಿಗೇ. ಅವರು ಅದನ್ನು ಹಾಗೆ ಕಾಣಲಿಲ್ಲ. ಅಷ್ಟರಲ್ಲಾಗಲೇ 'ಪಟ್ಟಿ' ಎಂದರೆ ಅವರ ಕಿವಿಗೆ 'ದಾಳಿ' ಎಂದೇ ಕೇಳಿಸುತ್ತಿತ್ತು.

ಹೀಗೆ ಪಟ್ಟಿಯಿಂದ ಎರಡು ಕೆಲಸ ಆಗುತ್ತಿದ್ದವು. ಒಂದು, ಹೆಸರನ್ನು ಹಾಗೇ ಬೀದಿಗೆ ಹರವುವುದು. ಇನ್ನೊಂದು, ಹೆಸರನ್ನು ಮೇಜಿನ ಮೇಲಿಟ್ಟುಕೊಂಡು ಸರ್ಕಾರದ ಕೆಲಸವನ್ನು ಒರೆಗೆ ಹಚ್ಚುವುದು. ಎರಡಕ್ಕೂ ಬೇಕಾದ ಬಾಗಿಲು ಒಂದೇ. ಜರ್ನಲ್ ನ್ಯೂಸ್‌ನ ಚುಕ್ಕಿಗಳು ಆ ಬಾಗಿಲನ್ನು ಮುಚ್ಚಿಸಿದವು.

2013, ಬಾಗಿಲುಗಳು ಮುಚ್ಚಿದ ವರ್ಷ

ನಕ್ಷೆ ಬಂದು ತಿಂಗಳು ತುಂಬುವ ಮೊದಲೇ, ಜನವರಿ 15ರಂದು, ನ್ಯೂಯಾರ್ಕ್‌ನ ಆಗಿನ ಗವರ್ನರ್ ಆಂಡ್ರ್ಯೂ ಕ್ವೋಮೊ ಬಂದೂಕು ನಿಯಂತ್ರಣದ 'ಸೇಫ್ ಆ್ಯಕ್ಟ್'ಗೆ ಸಹಿ ಹಾಕಿದರು. ಬಂದೂಕಿನವರ ಪಾಲಿಗೆ ಅದು ದೇಶದಲ್ಲೇ ಬಿಗಿಯಾದ ಕಾನೂನುಗಳಲ್ಲೊಂದು. ಆದರೆ ಅದೇ ಕಾನೂನಿನೊಳಗೆ ಅವರಿಗೆ ಬೇಕಾದ ಒಂದು ಸಾಲೂ ಇತ್ತು: ಪರ್ಮಿಟ್ ಇದ್ದವರು ಒಂದು ಫಾರಂ ತುಂಬಿ ತಮ್ಮ ಹೆಸರನ್ನು ಸಾರ್ವಜನಿಕ ದಾಖಲೆಯಿಂದ ಹೊರಗಿಡಬಹುದು. ಪೊಲೀಸ್ ನೌಕರಿಯಲ್ಲಿದ್ದೇನೆ ಅಥವಾ ಇದ್ದೆ, ಸಾಕ್ಷಿ ಹೇಳಿದ್ದೇನೆ, ಕೋರ್ಟಿನ ರಕ್ಷಣಾ ಆದೇಶ ಇದೆ, ಹೆಸರು ಹೊರಬಂದರೆ ಕಿರುಕುಳ ಆಗಬಹುದು ಎಂಬ ಭಯವಿದೆ, ಹೀಗೆ ಕಾರಣಗಳ ಮುಂದೆ ಟಿಕ್ ಹಾಕಿದರಾಯಿತು. ಮೂರು ದಿನ ಬಿಟ್ಟು ಪತ್ರಿಕೆ ನಕ್ಷೆ ತೆಗೆಯಿತು.

ಮೇನ್ ರಾಜ್ಯದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಅಲ್ಲಿನ 'ಬ್ಯಾಂಗರ್ ಡೇಲಿ ನ್ಯೂಸ್' ಆ ಫೆಬ್ರವರಿಯಲ್ಲಿ ಪರ್ಮಿಟ್ ದಾಖಲೆಗಳನ್ನು ಕೇಳಿ ಅರ್ಜಿ ಹಾಕಿತು. ಹೆಸರುಗಳನ್ನು ಪ್ರಕಟಿಸುವುದಿಲ್ಲ, ವರದಿಗಾಗಿ ಅಂಕಿಅಂಶ ನೋಡಲು ಮಾತ್ರ ಎಂದೂ ಹೇಳಿತು. ಕೇಳಿದ್ದೇ ತಪ್ಪಾಯಿತು. ಜನ ಮುಗಿಬಿದ್ದರು, ಪತ್ರಿಕೆ ಅರ್ಜಿ ವಾಪಸ್ ಪಡೆಯಿತು, ಶಾಸನಸಭೆ ತುರ್ತಾಗಿ ಕೆಲವು ವಾರಗಳ ತಡೆ ಹೇರಿ ಆಮೇಲೆ ದಾಖಲೆಗಳನ್ನು ಪೂರ್ತಿ ಗೌಪ್ಯ ಮಾಡಿತು. ಕಾದ ಹಾಲು ಕುಡಿದ ಬೆಕ್ಕಿನ ಎದುರು ಮಜ್ಜಿಗೆ ಇಟ್ಟಂತಾಯಿತು ಪತ್ರಿಕೆಯ ಸ್ಥಿತಿ.

ಅದೇ ವರ್ಷ ಟೆನ್ನೆಸಿ ತನ್ನ ಪಟ್ಟಿ ಮುಚ್ಚಿತು. ನಾರ್ತ್ ಕ್ಯಾರೊಲೈನಾ ಮುಚ್ಚಿತು. ವರ್ಜೀನಿಯಾ, ರೊನೋಕ್ ಗಲಾಟೆಯ ಬಳಿಕ ಅರ್ಧ ಮುಚ್ಚಿದ್ದನ್ನು ಪೂರ್ತಿ ಮುಚ್ಚಿತು. ಫ್ಲಾರಿಡಾ, ಟೆಕ್ಸಸ್ ಈ ಕೆಲಸವನ್ನು ಮೊದಲೇ ಮುಗಿಸಿದ್ದವು. ನ್ಯೂಯಾರ್ಕ್ ಟೈಮ್ಸ್ 2011ರಲ್ಲಿ ಮಾಡಿದ ಲೆಕ್ಕವನ್ನು ಅದೇ ರಾಜ್ಯದಲ್ಲಿ ಅದೇ ದಾರಿಯಲ್ಲಿ ಇನ್ನೊಮ್ಮೆ ಮಾಡುವುದು ಈಗ ಆಗದ ಮಾತು.

ಟೆಕ್ಸಸ್ ಮಾತ್ರ ಒಂದು ನಡುದಾರಿ ಇಟ್ಟುಕೊಂಡಿದೆ. ಹೆಸರು ಕೊಡುವುದಿಲ್ಲ, ಆದರೆ ವರ್ಷದಲ್ಲಿ ಯಾವ ಯಾವ ಅಪರಾಧಕ್ಕೆ ಎಷ್ಟು ಮಂದಿಗೆ ಶಿಕ್ಷೆಯಾಯಿತು, ಅವರಲ್ಲಿ ಲೈಸೆನ್ಸ್‌ದಾರರು ಎಷ್ಟು ಎಂಬ ಪಟ್ಟಿಯನ್ನು ಅಲ್ಲಿನ ಸಾರ್ವಜನಿಕ ಸುರಕ್ಷತಾ ಇಲಾಖೆ ತಾನೇ ಪ್ರಕಟಿಸುತ್ತದೆ. ಲೈಸೆನ್ಸ್‌ದಾರರ ಪಾಲು ತೀರಾ ಸಣ್ಣದು, ಹಾಗಾಗಿ ಬಂದೂಕಿನವರೇ ಅದನ್ನು ಹೆಮ್ಮೆಯಿಂದ ಎತ್ತಿ ತೋರಿಸುತ್ತಾರೆ. ತಕರಾರು ಒಂದೇ: ಲೆಕ್ಕ ಹಾಕುವವರೂ ಅವರೇ, ಲೈಸೆನ್ಸ್ ಕೊಡುವವರೂ ಅವರೇ. ಹೊರಗಿನವರು ಕೂಡಿ ಕಳೆದು ನೋಡುವಂತಿಲ್ಲ.

ನಮ್ಮಲ್ಲೂ ಇಂಥದೊಂದು ಬಾಗಿಲು ಸರಿದಿದೆ ಎಂಬುದನ್ನು ಇಲ್ಲಿ ಹೇಳದಿರಲಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮು ವೈಯಕ್ತಿಕ ಮಾಹಿತಿಯನ್ನು ತಡೆಹಿಡಿಯಲು ಬಿಟ್ಟರೂ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು ಎಂದು ತನ್ನೊಳಗೇ ಹೇಳುತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಮಾತನ್ನು ಅಲ್ಲಿಂದ ತೆಗೆದುಹಾಕಿತು. ಸಾರ್ವಜನಿಕ ಹಿತದ ಇನ್ನೊಂದು ಕಲಮು, 8(2), ಉಳಿದಿದೆ. ಬಂದೂಕಿನ ವಿಷಯದಲ್ಲಿ ಮಾತ್ರ ನಮ್ಮ ಹಳ್ಳಿಗಳಿಗೆ ಪತ್ರಿಕೆಯ ಪಟ್ಟಿ ಬೇಕಾಗಿಯೇ ಇಲ್ಲ. ಚುನಾವಣೆ ಘೋಷಣೆಯಾದರೆ ಸಾಕು, ಮಲೆನಾಡು ಕರಾವಳಿಯ ಬೆಳೆ ರಕ್ಷಣೆಯ ಕೋವಿಗಳೆಲ್ಲ ಹೆಗಲೇರಿ ಠಾಣೆಗೆ ಠೇವಣಿಗೆ ಹೋಗುತ್ತವೆ, ಯಾರ ಮನೆಯಲ್ಲಿದೆ ಎಂದು ಇಡೀ ಊರಿಗೆ ಗೊತ್ತಾಗುತ್ತದೆ. ನಮ್ಮ ರೈತರ ದೂರು ಹೆಸರಿನದಲ್ಲ. ಕೋವಿ ಠಾಣೆಯಲ್ಲಿ ಕೂತಿರುವಾಗ ಹಂದಿ ಗದ್ದೆಗಿಳಿಯುತ್ತದೆ, ಮಂಗ ತೋಟಕ್ಕಿಳಿಯುತ್ತದೆ ಎಂಬುದು. ಅದಕ್ಕಾಗಿ ಅವರು ಹೈಕೋರ್ಟಿನ ತನಕ ಹೋಗಿದ್ದಾರೆ.

ಆಮೇಲೆ ಸರ್ಕಾರವೇ ಸೋರಿತು

ಪತ್ರಿಕೆಯೊಂದೇ ಶತ್ರು ಎಂದುಕೊಂಡಿದ್ದವರಿಗೆ 2022ರ ಜೂನ್ ಪಾಠ ಕಲಿಸಿತು. ಆ ತಿಂಗಳ 23ರಂದು ಅಮೆರಿಕದ ಸುಪ್ರೀಂ ಕೋರ್ಟು 'ಬ್ರೂಯೆನ್' ಪ್ರಕರಣದಲ್ಲಿ ನ್ಯೂಯಾರ್ಕ್‌ನ 'ಸಕಾರಣ' ನಿಯಮವನ್ನು ಆರಕ್ಕೆ ಮೂರು ಮತಗಳಿಂದ ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಆತ್ಮರಕ್ಷಣೆಗೆ ಪಿಸ್ತೂಲು ಜೊತೆಗೊಯ್ಯುವುದು ಸಂವಿಧಾನದ ಎರಡನೇ ತಿದ್ದುಪಡಿ ಕೊಟ್ಟ ಹಕ್ಕು, ಅದಕ್ಕೆ ವಿಶೇಷ ಕಾರಣ ಕೇಳುವಂತಿಲ್ಲ ಎಂಬುದು ತೀರ್ಪಿನ ಸಾರ. ನಾಲ್ಕೇ ದಿನಕ್ಕೆ, ಜೂನ್ 27ರಂದು, ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಬಂದೂಕುಗಳ ಅಂಕಿಅಂಶ ತೋರಿಸುವ ಹೊಸ ಜಾಲತಾಣ ತೆರೆಯಿತು. ಪಾರದರ್ಶಕತೆಗಾಗಿ ಎಂದು ಹೇಳಿಕೊಂಡಿತು. ಅದರ ಹಿಂದಿನ ಕಡತಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ತೆರೆದೇ ಬಿಟ್ಟಿದ್ದರು! 2011ರಿಂದ 2021ರ ನಡುವೆ ಪಿಸ್ತೂಲು ಜೊತೆಗೊಯ್ಯುವ ಪರ್ಮಿಟ್‌ಗೆ ಅರ್ಜಿ ಹಾಕಿದ ಸುಮಾರು 1,92,000 ಮಂದಿಯ ಹೆಸರು, ಹುಟ್ಟಿದ ದಿನ, ವಿಳಾಸ ಹೊರಬಿದ್ದವು. ನ್ಯಾಯಾಧೀಶರೂ ಅದರಲ್ಲಿದ್ದರು.

ತೀರ್ಪಿನ ಸೇಡು ತೀರಿಸಿಕೊಳ್ಳಲು ಬೇಕೆಂದೇ ಮಾಡಿದ್ದು ಎಂದು ಬಂದೂಕಿನವರಲ್ಲಿ ಬಹಳ ಮಂದಿ ನಂಬಿದರು. ಹೊರಗಿನ ವಕೀಲರ ಸಂಸ್ಥೆಯಿಂದ ಮಾಡಿಸಿದ ತನಿಖೆ ದುರುದ್ದೇಶ ಕಾಣಲಿಲ್ಲ ಎಂದಿತು. ಕಂಡದ್ದು ತರಬೇತಿ ಇಲ್ಲದ, ಮೇಲಿನವರು ಕಣ್ಣಿಡದ ಅಸಡ್ಡೆ. ನನಗೆ ಇದೇ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಪತ್ರಿಕೆಯೊಂದು ಪ್ರಕಟಿಸಿದಾಗ ಹೊಣೆ ಹೊರಿಸಲು ಒಬ್ಬ ಸಂಪಾದಕ ಇರುತ್ತಾನೆ. ಇಲ್ಲಿ ಕ್ಷಮೆ ಕೇಳಿದ್ದು ಅಟಾರ್ನಿ ಜನರಲ್, ಜನರಿಗೆ ಸಿಕ್ಕಿದ್ದು ತಮ್ಮ ಸಾಲದ ಖಾತೆಗಳ ಮೇಲೆ ಕೆಲಕಾಲ ಉಚಿತ ಕಾವಲು.

ಅಷ್ಟರಲ್ಲಿ ದೇಶದ ಉಳಿದೆಡೆ ಪಟ್ಟಿಯ ಪ್ರಶ್ನೆಯೇ ಬುಡದಿಂದ ಬದಲಾಗುತ್ತಿತ್ತು. 2010ರಲ್ಲಿ ಅರಿಜೋನಾ ಪರ್ಮಿಟ್ ಬೇಕಿಲ್ಲ ಎಂದಿತು. ಪಟ್ಟಿಗಾಗಿ ಅಷ್ಟು ಗುದ್ದಾಡಿದ್ದ ಮೇನ್ 2015ರಲ್ಲಿ ಹಾಗೇ ಅಂದಿತು. 2021ರಲ್ಲಿ ಟೆಕ್ಸಸ್. ಅದೇ ವರ್ಷ ಜುಲೈ 1ರಿಂದ ಟೆನ್ನೆಸಿಯಲ್ಲಿ, 21 ವರ್ಷ (2023ರಿಂದ 18) ತುಂಬಿದ, ಬಂದೂಕು ಇಟ್ಟುಕೊಳ್ಳಲು ಕಾನೂನಿನ ಅಡ್ಡಿಯಿಲ್ಲದ ಯಾರೇ ಆಗಲಿ ಪರ್ಮಿಟ್ ಇಲ್ಲದೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದು. ತರಗತಿ ಬೇಡ, ಬೆರಳಚ್ಚು ಬೇಡ. 2024ರ ಹೊತ್ತಿಗೆ ಇಂಥ ರಾಜ್ಯಗಳು 29 ಆದವು.

ನಾವು ತಪಾಸಣೆ ಮಾಡಿಸಿಕೊಂಡವರು, ತರಬೇತಿ ಪಡೆದವರು, ನಮ್ಮನ್ನು ಅಪರಾಧಿಗಳ ಸಾಲಿಗೆ ಸೇರಿಸಬೇಡಿ ಎಂಬುದು ಪರ್ಮಿಟ್‌ದಾರರು ಪತ್ರಿಕೆಗಳಿಗೆ ಇಪ್ಪತ್ತು ವರ್ಷ ಕೊಟ್ಟ ಉತ್ತರ. ಈಗ ಮೆಂಫಿಸ್‌ನ ಯಾವುದೋ ಪಾರ್ಕಿಂಗ್ ಜಾಗದಲ್ಲಿ ಗುಂಡು ಹಾರಿದರೆ, ಹಾರಿಸಿದವನು ತರಗತಿಗೆ ಹೋಗಿದ್ದನೇ ಎಂದು ಕೇಳುವುದಕ್ಕೇ ಅರ್ಥವಿಲ್ಲ. ಹೋಗಬೇಕೆಂಬ ನಿಯಮವೇ ಇಲ್ಲ. ಆದರೂ ಟೆನ್ನೆಸಿಯಲ್ಲಿ ಪರ್ಮಿಟ್ ಮಾಡಿಸುವವರು ಇಂದಿಗೂ ಇದ್ದಾರೆ. ಆ ಕಾರ್ಡನ್ನು ಒಪ್ಪುವ ಬೇರೆ ರಾಜ್ಯಗಳಿಗೆ ಕಾರಿನಲ್ಲಿ ಹೋಗುವಾಗ ಅದು ಬೇಕಾಗುತ್ತದೆ. ಅವರ ಹೆಸರುಗಳು ರಾಜಧಾನಿ ನ್ಯಾಶ್‌ವಿಲ್‌ನ ಕಚೇರಿಯಲ್ಲಿವೆ. ಪೊಲೀಸರು ಕೇಳಿದರೆ ತೋರಿಸುತ್ತಾರೆ, ಪತ್ರಿಕೆಯವರು ಕೇಳಿದರೆ ಇಲ್ಲ.